ಎರಡು ಸಾವಿರ ಗಜದ ಪಟ್ಟಿ

ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿ ಬಂದ ಮೀಸೆ ಮೇಸ್ತ್ರಿ, ಈಗ ಹಿತ್ತಲಿನ ಶೆಡ್ಡಿನಲ್ಲಿ ಯುದ್ಧದ ಹಳೆಯ ರೈಫಲ್ಲುಗಳನ್ನು ಕಾಗೆ ಹೊಡೆಯುವ ಕೋವಿ ಮಾಡಿಕೊಡುತ್ತಿದ್ದ. ನಳಿಗೆಯೊಳಗಿನ ಗೀರುಗಳನ್ನು ಕೊರೆದು ನುಣ್ಣಗೆ ಮಾಡಿದರೆ, ಸಾಸಿವೆಯಂಥ ಚರೆ ತುಂಬಿದ ಪುಟ್ಟ ತೋಟಾ ಅದರಲ್ಲಿ ಕೂರುತ್ತಿತ್ತು. ಹೊಡೆತ ಹೋಗುವುದು ಇಪ್ಪತ್ತೇ ಗಜ. ಆದರೂ ನಳಿಗೆಯ ಮೇಲಿನ, ದೂರ ಹೆಚ್ಚಿದಷ್ಟೂ ಏರಿಸಿ ಹೊಡೆತವನ್ನು ಮೇಲಕ್ಕೆ ಕಳಿಸುವ, ಎರಡು ಸಾವಿರ ಗಜದವರೆಗೆ ಅಂಕಿ ಕೆತ್ತಿದ್ದ ಗುರಿಪಟ್ಟಿಯನ್ನು ಮಾತ್ರ ಕೀಳಲು ಅವನಿಗೆ ಕೈಯೇ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಣ್ಣಿನ ತೋಟದ ಅಜ್ಜಿ ಅವನು ಮಾಡಿಕೊಟ್ಟಿದ್ದ ಕೋವಿ ತಂದು ಮೇಜಿನ ಮೇಲಿಟ್ಟಳು. "ತಗೊಳಪ್ಪ. ಒಂದು ಕಾಗೇನೂ ಬೀಳಲಿಲ್ಲ, ನನ್ನ ನೋಡಿ ನಗ್ತಾವೆ."

ನೋಡಿದರೆ, ಪಟ್ಟಿ ಎರಡು ಸಾವಿರಕ್ಕೆ ಏರಿ ನಿಂತಿತ್ತು.

"ಕಾಗೆ ಎಲ್ಲಿ ಕೂತಿತ್ತು ಅಜ್ಜಿ?"

"ಎದುರಿನ ಮರದಲ್ಲೇ. ಏಟು ಜೋರಾಗಿ ಬೀಳ್ಲಿ ಅಂತ ಇದನ್ನ ಪೂರ್ತಿ ಏರಿಸಿದ್ದೆ!"

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಹೆಂಡತಿ ಕಿಸಕ್ಕನೆ ನಕ್ಕಳು. "ಆ ಪಟ್ಟಿ ಕಿತ್ತು ಬಿಸಾಕಿ ಅಂತ ಎಷ್ಟು ಸಲ ಬಡ್ಕೊಂಡೆ?"

"ಕೋವಿ ಶಕ್ತಿ ಎಲ್ಲಾ ಕಿತ್ಕೊಂಡಾಯ್ತು. ಮರ್ಯಾದೆಗೆ ಅಂತ ಅದೊಂದಾದ್ರೂ ಇರ್ಲಿ ಬಿಡೆ, ಪಾಪ," ಎಂದು ಅವನು ಮೀಸೆ ತಿರುವಿದ.

ಹೆಂಡತಿ ಆ ಮೀಸೆಯನ್ನೇ ನೋಡಿದಳು.

"ನಮ್ಮನೇಲೂ ಇಂಥದ್ದೇ ಒಂದು ಕೋವಿ ಇದೆ ಅಜ್ಜಿ. ಹೊಡೆತ ಅಡುಗೆಮನೆವರೆಗೂ ಬರಲ್ಲ, ಪಟ್ಟಿಗೆ ಮಾತ್ರ ದಿನಾ ಎಣ್ಣೆ!"