ನಮ್ಮ ಹಳ್ಳದಲ್ಲಿ ನೀರುನಾಯಿ ಇಲ್ಲ

ಹುಲಿ ಎಣಿಸುತ್ತಾರೆ, ಆನೆ ಎಣಿಸುತ್ತಾರೆ, ನೀರುನಾಯಿ ಬದುಕಿದೆಯೋ ಸತ್ತಿದೆಯೋ ಎಂದು ಕೇಳುವವರಿಲ್ಲ ಎಂದು ನಾನು ತರಗತಿಯಲ್ಲಿ ವರ್ಷವರ್ಷವೂ ಗೊಣಗುತ್ತಿದ್ದೆ. ಕುಮಟಾದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ ನಾನು. ರಜೆ ಬಿದ್ದರೆ ಕೆಲಸವಿಲ್ಲ. ಹಾಗಾಗಿ ಒಂದು ಬೇಸಿಗೆಯಲ್ಲಿ ನೀರುನಾಯಿ ಸಮೀಕ್ಷೆಗೆ ಜನ ಬೇಕೆಂದಾಗ ಹಿಗ್ಗಿ ಹೋಗಿ ಸೇರಿಕೊಂಡೆ. ಆ ಹಿಗ್ಗು ಎರಡು ದಿನವೂ ಬಾಳಲಿಲ್ಲ.

ಕೆಲಸ ಸುಲಭದ್ದೇ. ಭಟ್ಕಳದಿಂದ ಕುಮಟಾದವರೆಗೆ ಹೊಳೆ, ಹಳ್ಳಗಳ ದಂಡೆಯಲ್ಲಿ ಹತ್ತು ಮನೆಗೆ ಒಂದು ಮನೆ ಹಿಡಿದು, ನೀರುನಾಯಿ ನೋಡಿದ್ದೀರಾ ಎಂದು ಕೇಳಿ ಫಾರಂ ತುಂಬುವುದು. ಒಂದಾದರೂ 'ಹೌದು' ಬಂದ ಹಳ್ಳಕ್ಕೆ ಮುಂದೆ ಕ್ಯಾಮೆರಾ ಇಡುತ್ತಾರೆ. ಒಂದೂ ಬಾರದಿದ್ದರೆ ಆ ಹಳ್ಳ ಪಟ್ಟಿಯಿಂದ ಹೊರಗೆ. ಮನೆಯವರು ಹೇಳಿದ್ದನ್ನಷ್ಟೇ ಬರೆಯಬೇಕು, ನಮ್ಮ ಕಣ್ಣಿಗೆ ಬಿದ್ದದ್ದನ್ನಲ್ಲ.

ನನಗೆ ಇದರಲ್ಲಿ ಸ್ವಂತದ್ದೂ ಒಂದು ಆಸೆಯಿತ್ತು. ಹಳದೀಪುರದಲ್ಲಿ ನಮ್ಮ ಮನೆಯ ಹಿಂದೆಯೇ ಉಪ್ಪುನೀರಿನ ಹಳ್ಳ. ಅದರ ಮಣ್ಣಿನ ದಂಡೆಯ ಬಿಲದಲ್ಲಿ ನೀರುನಾಯಿಗಳ ಒಂದು ಸಂಸಾರ. ಆ ವರ್ಷ ಎರಡು ಮರಿಗಳೂ ಇದ್ದವು. ಆ ದಂಡೆಗೆ ಕಾಂಕ್ರೀಟ್ ಗೋಡೆ ಮಂಜೂರಾಗಿತ್ತು. ನಮ್ಮ ಹಳ್ಳ ಪಟ್ಟಿಯಲ್ಲಿ ಉಳಿದರೆ ಬಿಲವಿದ್ದಷ್ಟು ಜಾಗ ಬಿಟ್ಟು ಗೋಡೆ ಕಟ್ಟಿ ಎನ್ನಲು ಕೈಯಲ್ಲಿ ಒಂದು ಫೋಟೋವಾದರೂ ಇರುತ್ತಿತ್ತು.

ಮೊದಲ ದಿನ ಭಟ್ಕಳದ ಹತ್ತಿರದ ಬೆಳಕೆ ಎಂಬ ಊರು. ಅಜ್ಜನೊಬ್ಬ ಹರಿದ ಬಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನೀರುನಾಯಿಗಳ ವಂಶವನ್ನೆಲ್ಲ ಎಳೆದು ಪಕ್ಕದವನ ಮುಂದೆ ಬೈಯುತ್ತಿದ್ದ. ನನ್ನ ಕೈಯ ಕಾಗದ ಕಂಡದ್ದೇ ತಡ, ಬಾಯಿಗೆ ಬೀಗ ಬಿತ್ತು.

"ಎಂತ ಅಕ್ಕೋರೆ, ಜಾಗದ್ದಾ?"

"ಜಾಗದ್ದಲ್ಲ ಅಜ್ಜ, ನೀರುನಾಯಿದು."

"ಹಂಗಂದ್ರೆ ಎಂತದು?"

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಹೊನ್ನಾವರದ ಕಡೆ ಒಬ್ಬಾಕೆಯ ಅಂಗಳದ ತುದಿಯಲ್ಲೇ ನೀರುನಾಯಿಯ ಹಿಕ್ಕೆ ಬಿದ್ದಿತ್ತು, ಏಡಿಯ ಚಿಪ್ಪು, ಮೀನಿನ ಮುಳ್ಳು ತುಂಬಿದ್ದು. "ಅದು ನಮ್ಮನೆ ನಾಯಿದು" ಎಂದಳು. ಕಟ್ಟಿಹಾಕಿದ ಆ ಬಡಪಾಯಿ ನಾಯಿ ನನ್ನನ್ನೇ ನೋಡುತ್ತಿತ್ತು. ಇನ್ನೊಂದು ಊರಿನಲ್ಲಿ ನೀರುನಾಯಿ ಹರಿದ ಬಲೆಗೆ ಪರಿಹಾರ ಸಿಗುತ್ತದೆಂದು ಅದ್ಯಾರು ಹಬ್ಬಿಸಿದ್ದರೋ, ಮನೆಮನೆಯಲ್ಲೂ 'ಹೌದು'! ಒಬ್ಬರು ಮೊಸಳೆಯನ್ನೂ ಸೇರಿಸಿಕೊಳ್ಳಿ ಎಂದರು. ತಂಡದ ಮುಖ್ಯಸ್ಥರಿಗೆ ಫೋನ್ ಮಾಡಿ, "ಸರ್, ಇದ್ದವರು ಇಲ್ಲ ಅಂತಾರೆ, ಇಲ್ಲದವರು ಇದೆ ಅಂತಾರೆ" ಎಂದು ಕೂಗಾಡಿದೆ. "ಹೇಳಿದ್ದನ್ನ ಬರೀರಿ ಮೇಡಂ" ಎಂದು ಇಟ್ಟುಬಿಟ್ಟರು.

ಜನರ ಭಯ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಕಡೆ ಅದೆಷ್ಟೋ ಮನೆಗಳು ನಿಂತಿರುವುದು ಅರಣ್ಯದ ಅತಿಕ್ರಮಣ ಜಾಗದಲ್ಲಿ. ಪಟ್ಟಾಕ್ಕೆ ಅರ್ಜಿ ಕೊಟ್ಟು ಕಾದು ಕೂತವರೇ ಎಲ್ಲ. ಕಾಡುಪ್ರಾಣಿ ಇದೆ ಎಂದು ಕಾಗದಕ್ಕೆ ಬಂತೋ, ನಾಳೆ ಅಭಯಾರಣ್ಯ ಎನ್ನುತ್ತಾರೆ, ನಾಡಿದ್ದು ಎಬ್ಬಿಸುತ್ತಾರೆ. ಇದು ಹಾಗಲ್ಲ ಎಂದು ಎಷ್ಟು ಬಡಿದುಕೊಂಡರೂ ಯಾರೂ ನಂಬಲಿಲ್ಲ. ಹೆದರುಪುಕ್ಕಲರು ಎಂದು ಮನಸ್ಸಿನಲ್ಲೇ ಬೈದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ.

ಕಡೆಗೆ ನಮ್ಮ ಹಳ್ಳದ ಸರದಿ ಬಂತು. ಕೇಳಿದ ಮನೆಗಳಲ್ಲೆಲ್ಲ 'ಇಲ್ಲ'. ಉಳಿದದ್ದು ಒಂದೇ ಫಾರಂ, ಮನೆ ಎಣಿಸುತ್ತ ಬಂದರೆ ಅದು ನಮ್ಮದೇ ಮನೆ. ಸದ್ಯ, ಬಚಾವಾದೆ ಎಂದುಕೊಂಡೆ. ಬೆಳಗಾದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು, "ಬಂದ್ವು ಬೇವರ್ಸಿಗಳು" ಎನ್ನುತ್ತ ನೀರುನಾಯಿಗಳಿಗೆ ಮೀನಿನ ತಲೆ ಎಸೆಯುವವರು ನನ್ನ ಅತ್ತೆ. ಅವರ ಮುಂದೆ ಕೂತು ಪೆನ್ನು ತೆಗೆದೆ.

"ಅತ್ತೆ, ನೀರುನಾಯಿ ನೋಡಿದ್ದೀರಾ?"

"ಇಲ್ಲ."

"ಅತ್ತೆ! ಇವತ್ತು ಬೆಳಿಗ್ಗೆ ಬಂಗಡೆ ತಲೆ ಹಾಕಿದ್ದು ಯಾರಿಗೆ?"

"ಬೆಕ್ಕಿಗೆ."

ನನಗೆ ರೇಗಿಹೋಯಿತು. ಮರಿಗಳು, ಬಿಲ, ಗೋಡೆ ಎಂದು ಒಂದೇ ಸಮನೆ ಕೂಗಿದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ನಿಧಾನಕ್ಕೆ ಹೇಳಿದರು: "ನಿನ್ನ ಮಾವ ಕೊಟ್ಟ ಅರ್ಜಿ ಇನ್ನೂ ಆಫೀಸಲ್ಲೇ ಬಿದ್ದದೆ. ಅವ್ರು ಹೋದ್ರು, ಪಟ್ಟಾ ಬರ್ಲಿಲ್ಲ. ನನ್ನ ಮಾತು ಎಂತಕ್ಕೆ? ನೀ ಓದಿದವ್ಳು. ಪೆನ್ನು ನಿನ್ನ ಕೈಯಲ್ಲೇ ಅದೆ. ಎಬ್ಬಿಸೂದಿಲ್ಲ ಅಂತ ನಿಂಗೆ ಖಾತ್ರಿ ಇದ್ರೆ ಹೌದು ಅಂತ ಬರಿ."

ಖಾತ್ರಿ! ಊರಿಗೆಲ್ಲ ಕೊಟ್ಟುಬಂದಿದ್ದೆನಲ್ಲ, ಆ ಖಾತ್ರಿ. ಗೋಡೆಯ ಮೇಲೆ ಮಾವನ ಫೋಟೋ, ಅದರ ಹಿಂದೆ ಸಿಕ್ಕಿಸಿಟ್ಟ ಅರ್ಜಿಯ ಜೆರಾಕ್ಸ್. ಫಾರಂ ಎಳೆದುಕೊಂಡು ಬರೆದೆ: ಇಲ್ಲ.

"ಆತು, ಊಟಕ್ಕೆ ಏಳು" ಎಂದರು ಅತ್ತೆ.

ಪಟ್ಟಿ ಬಂದಾಗ ಮೊಸಳೆ ಸೇರಿಸಿ ಎಂದವರ ಊರು ಎಲ್ಲಕ್ಕಿಂತ ಮೇಲಿತ್ತು. ನಮ್ಮ ಹಳ್ಳ ಪಟ್ಟಿಯಲ್ಲೇ ಇರಲಿಲ್ಲ. ಮಳೆಗಾಲ ಕಳೆದದ್ದೇ ಜೆಸಿಬಿ ಬಂತು, ದಂಡೆ ಕೆರೆಯಿತು, ನೆಟ್ಟಗೆ ಬೆಳ್ಳಗೆ ಗೋಡೆ ಎದ್ದಿತು. ಪಟ್ಟಾ ಇವತ್ತಿಗೂ ಬಂದಿಲ್ಲ.

ಅತ್ತೆ ಮಾತ್ರ ಒಗೆಯುವ ಕಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಮೊನ್ನೆಯೂ ಮೀನಿನ ತಲೆ ಹಿಡಿದು ನಿಂತು ನಿಂತು, ನೀರಿಗೆ ಎಸೆಯದೆ ಹಾಗೇ ವಾಪಸು ತಂದರು.

"ಈಗ ಒಂದೂ ಬರೂದಿಲ್ಲ ಮಾರಾಯ್ತಿ. ಎಲ್ಲಿಗೆ ಹೋದ್ವೇನ."

ನನ್ನ ಸಿಟ್ಟೆಲ್ಲ ಒಮ್ಮೆಲೇ ಹೊರಗೆ ಬಂತು. "ನನ್ನನ್ನ ಯಾಕೆ ಕೇಳ್ತೀರಿ? ನೋಡೇ ಇಲ್ಲ ಅಂತ ನೀವೇ ಹೇಳಿದ್ದಲ್ವಾ?"

ಅತ್ತೆ ಮೀನಿನ ತಲೆಯನ್ನು ಬೆಕ್ಕಿನ ತಟ್ಟೆಗೆ ಹಾಕಿದರು.

"ನಾ ಹೇಳಿದ್ದು ಹೌದು. ಬರ್ದದ್ದು ನೀನು."