ಗಲ್ಲಿ ದಾಟದ ಕ್ಯಾರವಾನ್

ಇವತ್ತು ಬೆಳಿಗ್ಗೆ ನಮ್ಮ ಲಿಫ್ಟಿನಲ್ಲಿ ಒಣಮೀನು ಹುರಿದ ವಾಸನೆ. ದಿಲ್ಲಿ ಪಕ್ಕದ ಫರೀದಾಬಾದಿನ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ, ಅದೂ ಕಾರ್ತಿಕ ಮಾಸದಲ್ಲಿ, ಒಣ ಬಂಗಡೆ! ನಾನು ಕೆಳಗಿಳಿಯುವಷ್ಟರಲ್ಲಿ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿದ್ದಿತ್ತು. ಯಾರ ಮನೆಯದು ಈ ದುರ್ವಾಸನೆ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಕೂಗಾಟ. ನಾನು ಮೀನು ತಿನ್ನುವವಳಲ್ಲ. ಆದರೂ ನಿಂತು ಎರಡು ಸಲ ಉಸಿರೆಳೆದುಕೊಂಡೆ. ಆ ವಾಸನೆ ಬಂದರೆ ನನಗೆ ಹಳೆಯ ಎದುರುಮನೆ ಆಂಟಿ ಬಂದ ಹಾಗೆ...

ಆಗ ನಾವು ಇದೇ ಊರಿನ ಹಳೆಯ ಸೆಕ್ಟರೊಂದರಲ್ಲಿ ಬಾಡಿಗೆಗಿದ್ದೆವು. ಮೊದಲ ಮಹಡಿಯಲ್ಲಿ ಎರಡು ಮನೆ. ಒಂದು ನಮ್ಮದು, ಎದುರಿನದರಲ್ಲಿ ಕುಮಟಾ ಕಡೆಯ ಆಂಟಿ ಮತ್ತು ಅಂಕಲ್. ಕೆಳಗೆ ಮಾಲೀಕರು. ಮನೆಯೊಳಗೆ ಮೀನು, ಮಾಂಸ, ಮೊಟ್ಟೆ ಬೇಯಬಾರದು ಎಂಬುದು ಅವರ ಷರತ್ತು. ಸಮುದ್ರದ ದಂಡೆಯಲ್ಲಿ ಹುಟ್ಟಿದ ಹೆಂಗಸು ಊರಿನಿಂದ ಬಂದ ಒಣಮೀನನ್ನು ಡಬ್ಬಿಯೊಳಗೆ ಡಬ್ಬಿ ಹಾಕಿ ಮುಚ್ಚಿಟ್ಟು, ಆಗಾಗ ತೆಗೆದು ಮೂಸಿ, ಮತ್ತೆ ಮುಚ್ಚಿಡುತ್ತಿದ್ದರು.

ಅಂಕಲ್ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದವರು. ನಿವೃತ್ತಿಯಾಗಿ, ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದಾಗ ಪಾರ್ಶ್ವವಾಯು ಬಡಿಯಿತು. ಬಲಭಾಗ ಹೋಯಿತು. ಕತ್ತು ಎಡಕ್ಕಷ್ಟೇ ತಿರುಗುತ್ತಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ. ಅವರನ್ನು ರೈಲಿನಲ್ಲಿ ಅಷ್ಟು ದೂರ ಮಲಗಿಸಿ, ಒರೆಸಿ, ಬಟ್ಟೆ ಬದಲಾಯಿಸಿ ಕರೆದೊಯ್ಯುವುದು ಆಗದ ಮಾತು. ಆವತ್ತಿನಿಂದ ಆಂಟಿಯ ಲೋಕ ಹಾಲಿನ ಬೂತಿಗೆ ಮುಗಿಯುತ್ತಿತ್ತು. ಅದರಾಚೆ ಹೋದರೆ ಅಂಕಲ್ ಒಬ್ಬರೇ.

ಒಂದು ನವೆಂಬರ್. ಚಳಿಗಾಲಕ್ಕೆ ದಿಲ್ಲಿ ಸುತ್ತ ಕವಿಯುವ ಹೊಗೆ ಒಳಗೆ ಬಾರದಿರಲೆಂದು ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕಿ ಕೂತಿದ್ದೆ. ಆಂಟಿ ಫೋನ್ ಹಿಡಿದು ನುಗ್ಗಿದರು.

"ನೋಡೇ ಇಲ್ಲಿ. ಮಂಚ ಇದೆ, ಒಲೆ ಇದೆ, ಪಾಯಿಖಾನೆ ಇದೆ. ಚಕ್ರ ಬೇರೆ ಇದೆ!"

ಅದು ಕ್ಯಾರವಾನ್. ಊರಾಚೆಯ ಗ್ಯಾರೇಜಿನ ಭಯ್ಯಾ ಒಬ್ಬ ಹಳೆಯ ಡೀಸೆಲ್ ವ್ಯಾನಿನೊಳಗೆ ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಿದ್ದ. ಯಾರದೋ ಬುಕ್ಕಿಂಗ್ ರದ್ದಾಗಿ ನಾಡಿದ್ದಿನಿಂದ ಎರಡು ವಾರ ಗಾಡಿ ಖಾಲಿ. ಓಡಿಸಲು ಅವನೇ ಬರುತ್ತಾನಂತೆ. ಅಂಕಲ್‌ರನ್ನು ಎತ್ತಲು ನನ್ನ ಗಂಡ, ಮಾತಿಗೆ ನಾನು.

"ನಾಡಿದ್ದಾ? ರಜೆ ಸಿಗ್ಬೇಕಲ್ಲ ಆಂಟಿ..."

"ಯೋಚನೆ ಮಾಡ್ತಾ ಕೂತ್ರೆ ನಾವೂ ಇಲ್ಲೇ ಹೊಗೆ ಆಗ್ತೇವೆ. ರಜೆ ಹಾಕೇ ಮಾರಾಯ್ತಿ!"

ಸಂಜೆ ಅಂಕಲ್ ಮಂಚದ ಸುತ್ತ ಕೂತು ದಾರಿ ಹುಡುಕಿದೆವು. ಜೈಪುರ, ಉದಯಪುರ, ಮುಂಬೈ. ಅಲ್ಲಿಂದ ದಂಡೆ ಹಿಡಿದು ರತ್ನಾಗಿರಿ, ಗೋವಾ, ಕಾರವಾರ, ಕುಮಟಾ.

"ಸಮುದ್ರ ಯಾವ ಕಡೆ ಬರ್ತದೆ?" ಅಂಕಲ್ ಕೇಳಿದರು.

"ಬಲಕ್ಕೆ," ಎಂದೆ.

"ಅಚ್ಛಾ! ನನ್ನ ಕತ್ತು ತಿರುಗೋದು ಎಡಕ್ಕೆ. ನಿಮಗೆಲ್ಲ ಸಮುದ್ರ, ನಂಗೆ ಗುಡ್ಡ!"

ಆಂಟಿ ಎದ್ದು, ದಿಂಬು ತಂದು ಅಂಕಲ್‌ರ ಕಾಲಿನ ಕಡೆ ಇಟ್ಟರು. "ಡ್ರೈವರ್ ಕಡೆ ತಲೆ ಹಾಕಿ ಮಲಗಿಸ್ತೇನೆ. ಆಗ ಎಡಕ್ಕೇ ಸಮುದ್ರ. ಮುಗೀತಲ್ಲ?"

"ತಲೆ ಮುಂದೆ, ಕಾಲು ಹಿಂದೆ. ಈಜ್ಕೊಂಡೇ ಊರಿಗೆ ಹೋದ ಹಾಗಾಯ್ತು," ಎಂದು ಅಂಕಲ್ ನಕ್ಕರು. ಅವರು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹೊರಡುವ ಹಿಂದಿನ ಸಂಜೆಯೇ ವ್ಯಾನ್ ಬಂದು ಗಲ್ಲಿಯಲ್ಲಿ ನಿಂತಿತು. ಆಂಟಿ ಕುಕ್ಕರ್, ಅಂಕಲ್‌ರ ಬಟ್ಟೆ, ಆ ಮೀನಿನ ಡಬ್ಬಿ ಎಲ್ಲ ಏರಿಸಿದರು. ಬೆಳಿಗ್ಗೆ ಭಯ್ಯಾ ಕೈಮುಗಿದು ನಿಂತಿದ್ದ. ಗಾಳಿ ಮಿತಿಮೀರಿ ಕೆಟ್ಟಿದೆ, ಹಳೆಯ ಡೀಸೆಲ್ ಗಾಡಿಗಳು ರಸ್ತೆಗಿಳಿಯುವಂತಿಲ್ಲ ಎಂದು ಆದೇಶವಾಗಿತ್ತು. ಪ್ರತಿ ಚಳಿಗಾಲವೂ ಬರುವ ಆದೇಶ, ದಿಲ್ಲಿ ಕಡೆಯ ಮಕ್ಕಳಿಗೂ ಗೊತ್ತು. ಹೊಗೆಯಿಂದ ಓಡಿಹೋಗುವ ಸಂಭ್ರಮದಲ್ಲಿ ನಾವೆಲ್ಲ ಹೊಗೆಯನ್ನೇ ಮರೆತಿದ್ದೆವು.

ಕಾದೆವು. ಎದುರು ಕಟ್ಟಡದ ನೀರಿನ ಟ್ಯಾಂಕ್ ಕಂಡ ದಿನ ಹೊರಡಬಹುದು ಎಂಬುದು ಆಂಟಿಯ ಅಂದಾಜು. ಬೆಳಗಾದರೆ ಬಾಲ್ಕನಿಗೆ ಬಂದು ನೋಡುತ್ತಿದ್ದರು. ಟ್ಯಾಂಕ್ ಕಾಣುತ್ತಿರಲಿಲ್ಲ. ಕೆಳಗೆ ಗಾಡಿ ಮಾತ್ರ ಕಾಣುತ್ತಿತ್ತು, ಮೇಲೆ ಮಸಿ ಕೂತು...

ಒಂದು ಮಧ್ಯಾಹ್ನ ಇಡೀ ಗಲ್ಲಿಗೆ ವಾಸನೆ ಅಡರಿತು. ನಾನು ಓಡಿ ಕೆಳಗಿಳಿದೆ. ಆಂಟಿ ವ್ಯಾನಿನೊಳಗೆ ಒಲೆ ಹಚ್ಚಿ, ಸೆರಗು ಸಿಕ್ಕಿಸಿ, ಒಣ ಬಂಗಡೆ ಹುರಿಯುತ್ತಿದ್ದರು.

"ಆಂಟಿ, ಮಾಲೀಕರು!"

"ಮನೆಯೊಳಗೆ ಬೇಡ ಅಂದಿದ್ದಾರೆ. ಇದು ಮನೆಯಾ? ಗಾಡಿ."

ಮಾಲೀಕರು ಕರವಸ್ತ್ರ ಮೂಗಿಗೊತ್ತಿಕೊಂಡು ಬಂದೇ ಬಿಟ್ಟರು. "ಬೆಹನ್‌ಜೀ, ಯೇ ಕ್ಯಾ ಹೈ?"

ಆಂಟಿ ಸೌಟು ಎತ್ತಿ ಆಕಾಶ ತೋರಿಸಿದರು. "ಪೊಲ್ಯೂಷನ್, ಭಾಯ್‌ಸಾಬ್."

ಆಗ ಮೇಲಿನ ಕಿಟಕಿಯಿಂದ ಅಂಕಲ್ ದನಿ. "ಏ, ಎಲ್ಲಿಗೆ ಬಂತೇ ಗಾಡಿ?"

"ಕಾರವಾರ ದಾಟ್ತು!" ಆಂಟಿ ಕೂಗಿದರು. "ಇನ್ನೇನು, ಬಂತು!"

ಕೂಗಿದವರು ಮುಖ ಒಲೆಯ ಕಡೆ ತಿರುಗಿಸಿಕೊಂಡರು. ಬಹಳ ಹೊತ್ತು ಈ ಕಡೆ ನೋಡಲಿಲ್ಲ.

ಆದೇಶ ಸಡಿಲವಾಗುವಷ್ಟರಲ್ಲಿ ಗಾಡಿಗೆ ಬೇರೆ ಬುಕ್ಕಿಂಗ್ ಬಂದಿತ್ತು. ಆಂಟಿ ಕುಕ್ಕರ್ ಇಳಿಸಿಕೊಂಡರು. ಮುಂದಿನ ಸಲ ದಸರೆಗೇ ಹೊರಡೋಣ ಎಂದುಕೊಂಡೆವು. ಹೋಳಿ ಹಬ್ಬಕ್ಕೆ ಮುಂಚೆಯೇ ಅಂಕಲ್ ಹೋದರು.

ಹದಿಮೂರು ದಿನ ಕಳೆದ ಮೇಲೆ ನಾನು ನನ್ನ ಎಂದಿನ ಒರಟು ಬಾಯಲ್ಲಿ ಹೇಳಿದೆ, "ಈಗ ನಿಮ್ಮನ್ನ ಯಾರೂ ಕಟ್ಟಿಹಾಕಿಲ್ಲ ಆಂಟಿ. ಟ್ರೈನ್ ಹತ್ತಿ, ಹೋಗಿ ಬನ್ನಿ."

ಅವರು ಖಾಲಿ ಮಂಚದ ಚಾದರ ಸರಿಮಾಡುತ್ತಿದ್ದರು. "ನಾನೊಬ್ಳೇ ಹೋಗಿ ನೋಡೋದಾದ್ರೆ ಎಂದೋ ಹೋಗ್ತಿರ್ಲಿಲ್ವೇನೇ?" ಎಂದರು. ದಿಂಬು ಇನ್ನೂ ಕಾಲಿನ ಕಡೆಯೇ ಇತ್ತು.

ಅವರು ಹೋಗಲಿಲ್ಲ. ಬೂತಿನ ದಾರಿ ಬಿಟ್ಟು ಬೇರೆ ದಾರಿ ತುಳಿಯಲೂ ಇಲ್ಲ. ಕೆಲವು ಚಳಿಗಾಲಗಳಾದ ಮೇಲೆ ಅದೇ ಮನೆಯಲ್ಲಿ, ಅದೇ ಹೊಗೆಯಲ್ಲಿ ಅವರೂ ಕಣ್ಣುಮುಚ್ಚಿದರು...

ಈಗ ಗ್ರೂಪಿನಲ್ಲಿ ಇನ್ನೂ ಜಗಳ ನಡೆದಿದೆ. ಯಾವ ಫ್ಲ್ಯಾಟು, ಹೆಸರು ಹೇಳಿ ಎನ್ನುತ್ತಿದ್ದಾರೆ. ನಮ್ಮ ಬಾಲ್ಕನಿಯಿಂದ ಎದುರಿನ ಟವರೂ ಕಾಣುತ್ತಿಲ್ಲ. "ಪೊಲ್ಯೂಷನ್, ಭಾಯ್‌ಸಾಬ್" ಎಂದು ಬರೆದು ಕಳಿಸಿದೆ. ಯಾರ್‍ಯಾರೋ ನಗುವ ಮುಖ ಹಾಕಿದರು. ಇದಕ್ಕೆ ನಗಬೇಕಾದ ಇಬ್ಬರು ಮಾತ್ರ ಅಲ್ಲಿಲ್ಲ.