ನಲವತ್ತೆಂಟನೆಯ ಪುಟ

ನಮ್ಮ ಮನೆಯಲ್ಲಿ ನನಗೆ ಇನ್ನೊಂದು ಹೆಸರಿದೆ: ಆರಂಭಶೂರ. ಇಟ್ಟವರು ಅಪ್ಪ. ಅದರಲ್ಲಿ ಅನ್ಯಾಯವೇನೂ ಇಲ್ಲ. ವೀಣೆ ಎರಡು ವರ್ಷ ಕಲಿತು ಬಿಟ್ಟೆ. ದೂರಶಿಕ್ಷಣದ ಎಂ.ಎ. ಮೊದಲ ವರ್ಷಕ್ಕೇ ನಿಂತಿತು. ವಿದ್ಯಾರಣ್ಯಪುರಂನ ನಮ್ಮ ಮನೆಯ ಗೇಟಿನ ಒಂದು ಬಾಗಿಲು ಹಸಿರಾಗಿದೆ, ಇನ್ನೊಂದು ತುಕ್ಕು ಹಿಡಿದೇ ಇದೆ. ಕೊರಿಯರ್‌ನವರಿಗೆ ನನ್ನ ಹೆಂಡತಿ ಫೋನಿನಲ್ಲಿ ಗುರುತು ಹೇಳುವುದೇ "ಅರ್ಧ ಬಣ್ಣದ ಗೇಟು" ಅಂತ.

ಹಾಗಾಗಿ, ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಕ್ಯಾಸೆಟ್ ಹಾಕಿ ಆಡುತ್ತಿದ್ದ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ, ಇದಕ್ಕೆ ನಾನೇ ಒಂದು ಹೊಸ ಆಟ ಬರೆಯುತ್ತೇನೆ ಎಂದಾಗ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಇದನ್ನೂ ಅರ್ಧಕ್ಕೇ ಬಿಡ್ತೀಯ ಕಣೋ" ಅಂದರು. ಛೇಡಿಸಲು ಹೇಳಿದ್ದರೆ ಮರೆತುಬಿಡುತ್ತಿದ್ದೆ. ಎಂಬತ್ತು ದಾಟಿದ ಮನುಷ್ಯ ಬೇಸರದಿಂದ ಹೇಳಿದ ಮಾತು ಅದು. ಚುಚ್ಚಿತು. ಇದೊಂದನ್ನು ಮುಗಿಸಿ ಅವರ ಮುಂದೆ ಇಡಲೇಬೇಕು ಎಂಬ ಹಟ ಹತ್ತಿತು.

ಬೆಟ್ಟದ ಮೆಟ್ಟಿಲು ಹತ್ತುವ ಆಟ. ಕೋತಿಗಳು ಕೈಯಲ್ಲಿರುವ ತೆಂಗಿನಕಾಯಿ ಕಿತ್ತುಕೊಳ್ಳುತ್ತವೆ, ತಪ್ಪಿಸಿಕೊಂಡು ತುದಿ ಮುಟ್ಟಬೇಕು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ನಿಜವಾದ ಪೆಟ್ಟಿಗೆಗೆ ಹಾಕಿದರೆ ಮೆಟ್ಟಿಲುಗಳ ನಡುವೆ ಸಿಗುವ ನಂದಿ ವಿಗ್ರಹದ ಹತ್ತಿರ ಬರುವಷ್ಟರಲ್ಲಿ ಚಿತ್ರ ಚೂರುಚೂರು. ಪರದೆ ಮೇಲಕ್ಕೆ ಸರಿಯುವಾಗ ಯಾವ ಕ್ಷಣದಲ್ಲಿ ಚಿತ್ರ ಬದಲಿಸಬಹುದು, ಯಾವಾಗ ಮುಟ್ಟಬಾರದು ಎಂಬ ನಿಯಮ ನನಗೆ ಗೊತ್ತಿರಲಿಲ್ಲ. ಇಂಟರ್ನೆಟ್ಟಿನ ಹವ್ಯಾಸಿಗಳು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಪೆಟ್ಟಿಗೆ ಮಾಡಿದ ಕಂಪನಿಯೇ ಆ ಕಾಲದಲ್ಲಿ ಆಟ ಬರೆಯುವವರಿಗೆಂದು ಒಂದು ಕೈಪಿಡಿ ಕೊಡುತ್ತಿತ್ತಂತೆ. ಅದು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಕಂಪನಿಗೆ ಬರೆದೆ. ಅಲ್ಲಿಂದ ಮುಂದೆ ನಾನು ಕೂತಲ್ಲಿ ಕೂರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ಮೀಟರುಗಳ ಪರೀಕ್ಷೆ ನನ್ನ ಕೆಲಸ. ಒಂದು ಮೀಟರು ನೋಡುವುದು, ಒಮ್ಮೆ ಫೋನು ನೋಡುವುದು. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದರೂ ಕೈ ಜೇಬಿಗೆ ಹೋಗುತ್ತಿತ್ತು. ಕೊನೆಗೆ ಉತ್ತರ ಬಂತು. ಆ ಕೈಪಿಡಿ ಒಪ್ಪಂದ ಮಾಡಿಕೊಂಡ ಸಂಸ್ಥೆಗಳಿಗೆ ಮಾತ್ರ, ಈಗ ಅಂಥ ಒಪ್ಪಂದವನ್ನೇ ಮಾಡಿಕೊಳ್ಳುವುದಿಲ್ಲ ಎಂದು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೇ ಗುಡಿಗೆ ಬೀಗ ಹಾಕಿಕೊಂಡಿದ್ದ.

ಹುಡುಕಿದೆ, ಕಂಡವರನ್ನೆಲ್ಲ ಕೇಳಿದೆ. ಆರು ತಿಂಗಳಲ್ಲಿ ಬೇರೆ ಬೇರೆ ಕಡೆಯಿಂದ ಆ ಕೈಪಿಡಿಯ ಮೂರು ಸ್ಕ್ಯಾನ್ ಪ್ರತಿ ಸಿಕ್ಕವು. ಒಂದು ಮಸಿ ಬಳಿದ ಹಾಗೆ, ಒಂದು ಮಾಸಲು, ಒಂದು ವಾರೆ. ಮೂರನ್ನೂ ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹರಡಿದೆ. ಓದಿದೆ, ತಿರುವಿದೆ, ಎದ್ದು ಓಡಾಡಿದೆ, ಮತ್ತೆ ಓದಿದೆ. ನನಗೆ ಬೇಕಾದ ನಿಯಮ ಎಲ್ಲೂ ಕಾಣಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಮೇಜಿನ ಹತ್ತಿರ ಬಂದರು. ಅವರು ನಿವೃತ್ತಿಯವರೆಗೂ ಹಳೆಯ ಗ್ರಂಥಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದವರು. ಇಂದಿಗೂ ದಿನಪತ್ರಿಕೆಯ ತಪ್ಪುಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ, ಯಾರಿಗೂ ಕಳಿಸುವುದಿಲ್ಲ. ಹಾಳೆಗಳನ್ನು ಒಂದೊಂದಾಗಿ ಮಗುಚಿ, ಮೇಲಿನ ಮೂಲೆ ಮಾತ್ರ ನೋಡುತ್ತ ಹೋದರು.

"ಪುಟದ ಸಂಖ್ಯೆ ನೋಡಿದ್ಯೇನೋ?"

"ಅದನ್ನೇನು ನೋಡೋದು?"

"ನಲವತ್ತೇಳು ಆದ್ಮೇಲೆ ನಲವತ್ತೊಂಬತ್ತಿದೆ."

ಇನ್ನೆರಡು ಪ್ರತಿಗಳಲ್ಲೂ ಹಾಗೇ ಇತ್ತು. ಆಮೇಲೆ ಅವರು ಇನ್ನೊಂದು ತೋರಿಸಿದರು. ಮೂರರಲ್ಲೂ ನಲವತ್ತೇಳನೆಯ ಪುಟದ ಅಂಚಿನಲ್ಲಿ ಅದೇ ಹೆಬ್ಬೆರಳಿನ ನೆರಳು. "ಮೂರು ಪ್ರತಿ ಅಲ್ಲ ಇದು, ಒಂದೇ" ಅಂದರು. "ಒಬ್ಬ ಜೆರಾಕ್ಸ್ ತೆಗ್ದಿದಾನೆ, ಮಿಕ್ಕವರು ಅದರಿಂದ ತೆಗ್ದಿದಾರೆ. ಅವನು ಈ ಹಾಳೆಯ ಹಿಂಬದಿ ತಿರುಗಿಸೋದು ಮರ್ತಿದಾನೆ."

ಎಲ್ಲಿಯವನೋ, ಯಾವ ಅವಸರದಲ್ಲಿದ್ದನೋ. ನನ್ನಂಥವನೇ ಇರಬೇಕು. ಇಷ್ಟು ದಿನ ಆ ಹಾಳೆಗಳ ಮೇಲೆ ಕವುಚಿಕೊಂಡಿದ್ದ ನಾನು ಪುಟ ಎಣಿಸಿರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಹಾಳೆಗಳನ್ನು ಬಾಚಿ ಕಟ್ಟಿ, "ಇಷ್ಟೇ, ಇನ್ನು ಆಗಲ್ಲ" ಅಂದೆ.

"ಯಾಕೆ ಆಗಲ್ಲ?" ಅಪ್ಪ ಕುರ್ಚಿ ಎಳೆದುಕೊಂಡು ಕೂತರು. "ಒಂದು ತಾಳೆಗರಿ ಕಳೆದಿದೆ ಅಂತ ಗ್ರಂಥ ನಿಲ್ಲಿಸ್ತಿದ್ವೇನೋ ನಾವು? ಇಲ್ಲಿ ಒಂದು ಗರಿ ಇಲ್ಲ ಅಂತ ಅಡಿಯಲ್ಲಿ ಹಾಕಿ ಮುಂದಕ್ಕೆ ಹೋಗ್ತಿದ್ವು. ಒಂದು ನೋಟ್‌ಬುಕ್ ತಾ."

ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ "ಪುಟ ೪೮" ಎಂದು ಬರೆದು ಖಾಲಿ ಬಿಟ್ಟರು. ಮುಂದಿನ ಹಾಳೆಯಿಂದ ನಮ್ಮ ಪ್ರಯೋಗಗಳು. ಪ್ರೂಫ್ ನೋಡುವ ಕ್ರಮವೇ ಅದು: ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು. ಚಿತ್ರ ಬದಲಿಸುವ ಕ್ಷಣಕ್ಕೆ ಒಂದೊಂದೇ ಸಂಖ್ಯೆಯನ್ನು ಅಪ್ಪ ಕ್ರಮವಾಗಿ ಓದುವುದು, ನಾನು ಅದನ್ನು ಹಾಕಿ ಆಟ ಓಡಿಸುವುದು, ನಂದಿಯ ಹತ್ತಿರ ಚಿತ್ರ ಒಡೆದರೆ ಅವರು "ಒಡೆಯಿತು" ಎಂದು ಬರೆಯುವುದು. ಅವರಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ವಿವರಿಸಲು ಹೋದರೆ ಬೇಡ ಎನ್ನುತ್ತಿದ್ದರು. "ಅರ್ಥ ಆದ್ರೆ ಕಣ್ಣು ಮೋಸ ಮಾಡುತ್ತೆ. ನೀನು ಕೂತ್ಕೊ."

ಆ ಕೂರುವುದೇ ನನಗೆ ಶಿಕ್ಷೆ. ಕಾಲು ಕುಣಿಯುತ್ತಿತ್ತು, ಎರಡು ಸಂಖ್ಯೆ ಒಟ್ಟಿಗೆ ಹಾರಿಬಿಡೋಣ ಎನ್ನಿಸುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಎದ್ದರೆ ಅಪ್ಪ ಪೆನ್ನು ಎತ್ತಿ ಹಿಡಿದು ಕಾಯುತ್ತಿದ್ದರು. ಬೆನ್ನು ನೋವಿದ್ದರೂ ಅವರು ಏಳುತ್ತಿರಲಿಲ್ಲ. ಅವರನ್ನು ಹಾಗೆ ಕೂರಿಸಿ ನಾನು ಓಡಾಡುವುದು ಹೇಗೆ? ಬಂದು ಕೂರುತ್ತಿದ್ದೆ. "ಇವರಿಬ್ಬರೂ ಯಾವ ಪರೀಕ್ಷೆ ಕಟ್ಟಿದಾರೋ" ಎಂದು ಹೆಂಡತಿ ಮೇಜಿನ ತುದಿಯಲ್ಲೇ ಜಾಗ ಮಾಡಿ ಉಪ್ಪಿಟ್ಟು ಇಡುತ್ತಿದ್ದಳು.

ಆರನೆಯ ಭಾನುವಾರ, ಊಟಕ್ಕೆ ಮುಂಚೆ, ನನ್ನ ಪುಟ್ಟ ಮನುಷ್ಯ ತೆಂಗಿನಕಾಯಿ ಹಿಡಿದು ನಂದಿಯನ್ನು ದಾಟಿದ. ಚಿತ್ರ ಒಡೆಯಲಿಲ್ಲ. ಮೆಟ್ಟಿಲು ಹತ್ತುತ್ತಲೇ ಹೋಗಿ ತುದಿ ಮುಟ್ಟಿದ. ಇನ್ನೂ ಮೂರು ಸಲ ಆಡಿ ನೋಡಿದೆ. ಖುಷಿಯಲ್ಲಿ ನೋಟ್‌ಬುಕ್ ಕಿತ್ತುಕೊಂಡು, ಸಿಕ್ಕಿದ ಸಂಖ್ಯೆಯನ್ನು ಮೊದಲ ಹಾಳೆಯಲ್ಲಿ ಬರೆಯಲು ಹೋದೆ.

ಅಪ್ಪ ಹಾಳೆಯ ಮೇಲೆ ಕೈ ಇಟ್ಟರು. "ಅದು ಕೈಪಿಡಿ ಬರೆದವರ ಪುಟ. ಖಾಲಿ ಇರ್ಲಿ. ನೀನು ಕಂಡ್ಕೊಂಡಿದ್ದು ಕೆಳಗೆ ಅಡಿಟಿಪ್ಪಣಿಯಲ್ಲಿ ಬರಿ."

ಹಾಗೇ ಬರೆದೆ. ಅವರು ಓದಿ, ಕೆಂಪು ಪೆನ್ನಿನಿಂದ ಒಂದು ಅಲ್ಪವಿರಾಮ ಸೇರಿಸಿ, "ಮುಗೀತಾ?" ಎಂದು ಕೇಳಿದರು.

ಸದ್ದು ಇನ್ನೊಂಚೂರು ಸರಿಮಾಡಬೇಕು, ಕೋತಿಗೆ ಬಾಲ ಉದ್ದ ಮಾಡಬೇಕು ಎಂದು ಬಾಯಿಗೆ ಬಂದಿತ್ತು. ಹಾಗೆ ಹೇಳಿ ಹೇಳಿಯೇ ಎಲ್ಲವನ್ನೂ ಅರ್ಧಕ್ಕೆ ಬಿಟ್ಟವನು ನಾನು.

"ಮುಗೀತು ಅಪ್ಪ" ಅಂದೆ.

ಅವರು ಪೆನ್ನಿಗೆ ಕ್ಯಾಪು ಹಾಕಿದರು. ಟಿವಿ ಕಡೆಗೇ ನೋಡುತ್ತ, ಸಣ್ಣ ದನಿಯಲ್ಲಿ, "ನಿನ್ನ ಬಾಯಲ್ಲಿ ಈ ಮಾತು ಕೇಳೋವರೆಗೂ ಇರ್ತೀನೋ ಇಲ್ವೋ ಅನ್ಕೊಂಡಿದ್ದೆ ಕಣೋ" ಅಂದರು.

ಊಟಕ್ಕೆ ಕರೆದರೂ ನಾನು ಅವರ ಪಕ್ಕದಿಂದ ಏಳಲಿಲ್ಲ.